ನಿತ್ಯದ ಗೆರೆ: ಅಂಗಳದ ರಂಗೋಲಿ ಮತ್ತು ಚಿತ್ರಕಾರರ ಅಭ್ಯಾಸ

ಸಂಗೀತಗಾರರ ಬಗ್ಗೆ ಬರೆಯುವಾಗ ನಮ್ಮಲ್ಲಿ ಯಾರೂ ಅಭ್ಯಾಸದ ಮಾತನ್ನು ಬಿಡುವುದಿಲ್ಲ. ವೈಣಿಕರೊಬ್ಬರು ಬೆಳಗಿನ ಯಾವ ಜಾವಕ್ಕೆ ಏಳುತ್ತಿದ್ದರು, ಸರಳೆ ಜಂಟಿ ವರಸೆಗಳನ್ನು ಎಷ್ಟು ವರ್ಷ ಸಾಧಿಸಿದರು, ಗುರುಗಳು ಒಂದೇ ವರ್ಣವನ್ನು ಎಷ್ಟು ತಿಂಗಳು ನುಡಿಸಿದರು ಎಂಬ ವಿವರಗಳು ಜೀವನಚರಿತ್ರೆಯಲ್ಲಿ ಮಾತ್ರವಲ್ಲ, ವಿಮರ್ಶೆಯಲ್ಲಿಯೂ ಬರುತ್ತವೆ. ಚಿತ್ರಕಲೆಯ ವಿಷಯಕ್ಕೆ ಬಂದಾಗ ಈ ಎಚ್ಚರ ಜಾರಿಹೋಗುತ್ತದೆ. ಅಲ್ಲಿ ಪ್ರತಿಭೆ, ದರ್ಶನ, ಶೈಲಿ, ಪ್ರಭಾವ ಎಂಬ ಪದಗಳೇ ಮುಂದೆ ನಿಲ್ಲುತ್ತವೆ. ಜನಪದ ಚಿತ್ರಕಲೆಯ ಅಧ್ಯಯನಗಳಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ‘ಈ ಕಲೆ ತಾಯಿಯಿಂದ ಮಗಳಿಗೆ ಪರಂಪರಾಗತವಾಗಿ ಬಂದಿದೆ’ ಎಂಬ ಒಂದು ವಾಕ್ಯದಲ್ಲಿ ಕಲಿಕೆಯ ಸಮಸ್ತ ಪ್ರಶ್ನೆಯನ್ನೂ ಮುಗಿಸಿಬಿಡುತ್ತೇವೆ. ಗೆರೆ ಎಳೆಯುವ ಬಲ್ಮೆಯು ಅಡ್ಡಿಕೆಯಂತೆ ತಾಯಿಯ ಪೆಟ್ಟಿಗೆಯಿಂದ ಮಗಳ ಪೆಟ್ಟಿಗೆಗೆ ದಾಟಿಬಿಡುತ್ತದೆ ಎಂಬಂತೆ. ನನ್ನ ಪಿಎಚ್.ಡಿ. ಪ್ರಬಂಧದಲ್ಲಿಯೂ ಈ ವಾಕ್ಯವಿದೆ. ಒಂದು ಕಡೆಯಲ್ಲ, ಮೂರು ಕಡೆ ಇದೆ.

ಇನ್ನೊಂದು ತುದಿಯಲ್ಲಿ ಕಲಾಶಾಲೆಗಳ ಉಪದೇಶವಿದೆ. ದಿನಕ್ಕೆ ಹತ್ತು ರೇಖಾಚಿತ್ರ ಬರೆಯಿರಿ, ಕೈ ತಾನಾಗಿ ಪಳಗುತ್ತದೆ ಎಂದು ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹೇಳಲಾಗುತ್ತದೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆಯ ಮೊದಲರ್ಧವನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಎರಡನೆಯ ಅರ್ಧವನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತಿಲ್ಲ. ಮರುಕಳಿಕೆಯಿಂದ ರಾಗವೂ ಬರುತ್ತದೆ, ರೋಗವೂ ಬರುತ್ತದೆ ಎಂಬುದು ಆ ಗಾದೆಯ ಪೂರ್ಣ ತಿಳಿವಳಿಕೆ. ಯಾವ ಬಗೆಯ ನಿತ್ಯಾಭ್ಯಾಸ ಚಿತ್ರಕಾರರನ್ನು ಬೆಳೆಸುತ್ತದೆ, ಯಾವುದು ಅವರನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ ಎಂಬುದನ್ನು ಅಂಗಳದ ರಂಗೋಲಿಯ ನಿದರ್ಶನದಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ರಂಗೋಲಿಯನ್ನೇ ಆರಿಸಿಕೊಳ್ಳಲು ಕಾರಣ ಸರಳ. ನಮ್ಮ ನಾಡಿನಲ್ಲಿ ಇಷ್ಟು ಜನ, ಇಷ್ಟು ಕಾಲ, ಇಷ್ಟು ತಪ್ಪದೆ ಗೆರೆ ಎಳೆದ ಇನ್ನೊಂದು ಕ್ಷೇತ್ರವಿಲ್ಲ. ಹತ್ತನೆಯ ವಯಸ್ಸಿಗೆ ಅಂಗಳಕ್ಕಿಳಿದ ಹುಡುಗಿ ಅರವತ್ತರವರೆಗೆ, ವರ್ಷಕ್ಕೆ ಮುನ್ನೂರು ಬೆಳಗಿನಂತೆ ಲೆಕ್ಕ ಹಿಡಿದರೂ, 15,000 ರಂಗೋಲಿ ಹಾಕಿರುತ್ತಾಳೆ.

ಅಭ್ಯಾಸದ ಬಗ್ಗೆ ನಮ್ಮ ಕಾವ್ಯಮೀಮಾಂಸಕರು ಆಡಿರುವ ಮಾತುಗಳು ಚಿತ್ರಕ್ಕೂ ಸಲ್ಲುತ್ತವೆ. ದಂಡಿ ಸಹಜ ಪ್ರತಿಭೆಯ ಜೊತೆಗೆ ವಿಪುಲವಾದ ಓದನ್ನೂ ಸಡಿಲಗೊಳ್ಳದ ಪರಿಶ್ರಮವನ್ನೂ ಇಟ್ಟ. ಪ್ರತಿಭೆ ಇಲ್ಲದಿದ್ದರೂ ಪರಿಶ್ರಮಿಸಿದವನಿಗೆ ವಾಗ್ದೇವಿ ಒಂದಿಷ್ಟು ಅನುಗ್ರಹವನ್ನಾದರೂ ತೋರುತ್ತಾಳೆ ಎಂಬ ಸಮಾಧಾನವನ್ನೂ ಹೇಳಿದ. ಮಮ್ಮಟ ಇನ್ನೂ ಕರಾರುವಾಕ್ಕಾದವನು. ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಸೇರಿ ಒಂದೇ ಕಾರಣ, ಮೂರು ಬೇರೆ ಬೇರೆ ಕಾರಣಗಳಲ್ಲ ಎಂಬುದು ಅವನ ನಿಲುವು. ಆ ಅಭ್ಯಾಸಕ್ಕೆ ಅವನು ಒಂದು ವಿಶೇಷಣವನ್ನೂ ಸೇರಿಸಿದ್ದಾನೆ. ಅದು ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ನಡೆಯುವ ಅಭ್ಯಾಸವಾಗಿರಬೇಕು. ಅಂದರೆ ಬರಿಯ ಮರುಕಳಿಕೆಯನ್ನು ಮಮ್ಮಟ ಅಭ್ಯಾಸವೆಂದು ಕರೆಯಲು ಸಿದ್ಧನಿಲ್ಲ. ತಪ್ಪನ್ನು ತಪ್ಪೆಂದು ತೋರುವ ಒಂದು ಕಣ್ಣು ಅದರ ಒಳಗೇ ಇರಬೇಕು. ಈ ಮಾತನ್ನು ಮುಂದಿನ ಚರ್ಚೆಗಾಗಿ ಇಟ್ಟುಕೊಳ್ಳೋಣ.

ಚಿತ್ರಕ್ಕೇ ಸಂಬಂಧಿಸಿದ ಗ್ರಂಥಗಳಲ್ಲಿ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. ಆಚಾರ್ಯರು ರೇಖೆಯನ್ನು ಮೆಚ್ಚುತ್ತಾರೆ, ವಿಚಕ್ಷಣರು ಛಾಯೆಯನ್ನು ಮೆಚ್ಚುತ್ತಾರೆ, ಹೆಂಗಸರಿಗೆ ಆಭರಣಾಲಂಕಾರ ಬೇಕು, ಉಳಿದ ಜನರಿಗೆ ಬಣ್ಣದ ಸಮೃದ್ಧಿ ಬೇಕು ಎಂಬರ್ಥದ ಮಾತು ಅಲ್ಲಿದೆ. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಶಾಸ್ತ್ರಕಾರ ರೇಖೆಯನ್ನು ಆಚಾರ್ಯರಿಗೂ ಅಲಂಕಾರವನ್ನು ಹೆಂಗಸರಿಗೂ ಹಂಚಿಕೊಟ್ಟ ಆ ಹೊತ್ತಿನಲ್ಲಿ ಅವನ ಮನೆಯ ಹೊಸ್ತಿಲಲ್ಲಿ ಯಾರು ಗೆರೆ ಎಳೆಯುತ್ತಿದ್ದರೋ! ನಮ್ಮ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಬಗೆಗಳನ್ನು ಎಣಿಸುವಾಗ ಧೂಳಿಚಿತ್ರವನ್ನೂ, ಎಂದರೆ ಪುಡಿಯಿಂದ ಬಿಡಿಸುವ ಚಿತ್ರವನ್ನೂ, ಸೇರಿಸಿದ್ದಾನೆ. ಆ ಔದಾರ್ಯ ನಂತರದ ಕಲಾ ವಿಮರ್ಶೆಯಲ್ಲಿ ಉಳಿಯಲಿಲ್ಲ. ರಂಗೋಲಿ ಆಚರಣೆಯ ಖಾತೆಗೆ ಹೋಯಿತು, ಚಿತ್ರ ಕಲೆಯ ಖಾತೆಗೆ ಹೋಯಿತು.

ಇನ್ನು ಅಂಗಳಕ್ಕೆ ಬರೋಣ. ಹಳೆಯ ಮೈಸೂರು ಸೀಮೆಯ ಯಾವುದೇ ಊರಿನ ಬೆಳಗಿನ ರಂಗೋಲಿಯನ್ನು ತೆಗೆದುಕೊಂಡರೂ ಕ್ರಮ ಹೆಚ್ಚುಕಡಿಮೆ ಒಂದೇ. ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ನೆಲದ ಪಸೆ ಆರುವ ಮುನ್ನ ಚುಕ್ಕಿ ಇಡಬೇಕು. ದಿನಬಳಕೆಗೆ ಸಾಮಾನ್ಯವಾಗಿ ಏಳು ಚುಕ್ಕಿಯ ರಂಗೋಲಿ: ನಡುವಿನ ಸಾಲಿನಲ್ಲಿ ಏಳು, ಎರಡೂ ಕಡೆ ಸಂದಿಗೆ ಸರಿಯಾಗಿ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ. ಹಬ್ಬದ ದಿನ ಹದಿನೈದರಿಂದ ಎಂಟಕ್ಕೆ ಇಳಿಯುವ ದೊಡ್ಡ ರಂಗೋಲಿಯಾದರೆ 169 ಚುಕ್ಕಿ. ಇಷ್ಟನ್ನೂ ಅಳತೆಪಟ್ಟಿಯ ನೆರವಿಲ್ಲದೆ, ಮಬ್ಬು ಬೆಳಕಿನಲ್ಲಿ, ಸಮದೂರದಲ್ಲಿ ಇಡಬೇಕು. ಆಮೇಲೆ ಎಳೆ. ಚುಕ್ಕಿಗಳನ್ನು ಕೂಡಿಸುವ ಎಳೆ ಒಂದು ಬಗೆ. ಚುಕ್ಕಿಯನ್ನು ಮುಟ್ಟದೆ ಅದನ್ನು ಬಳಸಿ ಸುತ್ತಿ ಹೊರಟಲ್ಲಿಗೇ ಬಂದು ಸೇರುವ ಎಳೆ ಇನ್ನೊಂದು ಬಗೆ. ಅಭ್ಯಾಸದ ದೃಷ್ಟಿಯಿಂದ ಎರಡನೆಯದು ಹೆಚ್ಚು ಮಹತ್ವದ್ದು.

ಏಕೆಂದರೆ ಅಲ್ಲಿ ತಪ್ಪು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಎಲ್ಲೋ ಒಂದು ತಿರುವನ್ನು ಎಡಕ್ಕೆ ಬದಲು ಬಲಕ್ಕೆ ತೆಗೆದುಕೊಂಡರೆ ಎಳೆ ಕೂಡುವುದಿಲ್ಲ, ಒಂದು ಚುಕ್ಕಿ ಹೊರಗೆ ಉಳಿಯುತ್ತದೆ. ಬೀದಿಯಲ್ಲಿ ಹಾಲು ತರುವವನಿಗೂ ಅದು ಕಾಣುತ್ತದೆ. ಕಾಗದದ ಮೇಲಿನ ಪೆನ್ಸಿಲ್ ಗೆರೆ ಇಂಥ ನಿಷ್ಠುರತೆಯನ್ನು ತೋರುವುದಿಲ್ಲ; ಅಳಿಸಬಹುದು, ಮೇಲೆ ಇನ್ನೊಂದು ಗೆರೆ ಎಳೆಯಬಹುದು, ಕೊನೆಗೆ ಛಾಯೆ ತುಂಬಿ ಮುಚ್ಚಬಹುದು. ಪಸೆ ನೆಲದ ಮೇಲಿನ ಪುಡಿಯನ್ನು ಒರೆಸಹೊರಟರೆ ಬಿಳಿ ಕಲೆಯಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಪುಡಿಯ ಗುಣವೂ ಇಲ್ಲಿ ಗಮನಾರ್ಹ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಅದು ಸದಾ ಉದುರುತ್ತಲೇ ಇರುತ್ತದೆ. ಕೈ ಅನುಮಾನಿಸಿ ನಿಂತರೆ ಅಲ್ಲಿ ಗುಪ್ಪೆಯಾಗುತ್ತದೆ, ಅವಸರಿಸಿದರೆ ಗೆರೆ ತುಂಡಾಗುತ್ತದೆ. ಕೈಯ ವೇಗವನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸುವ ಸಾಧನ ನನಗೆ ತಿಳಿದಂತೆ ಇನ್ನೊಂದಿಲ್ಲ. ಮೈಸೂರು ಸಂಪ್ರದಾಯದ ಚಿತ್ರಗಾರರು ಮೊದಲ ರೇಖೆಗೆ ಬಳಸುತ್ತಿದ್ದ ಹುಣಸೆಕಡ್ಡಿಯ ಇದ್ದಿಲು ಕೂಡ ಈ ವಿಷಯದಲ್ಲಿ ಪುಡಿಗಿಂತ ದಯಾಳು.

ಮಧ್ಯಾಹ್ನದ ಹೊತ್ತಿಗೆ ರಂಗೋಲಿ ಕಾಲಿಗೆ ಸಿಕ್ಕಿ ಹೋಗಿರುತ್ತದೆ. ಇದನ್ನು ಕುರಿತು ಬರೆದವರಲ್ಲಿ ಅನೇಕರು ಇಲ್ಲಿ ಅನಿತ್ಯತೆಯ ತತ್ತ್ವವನ್ನು ಕಂಡಿದ್ದಾರೆ. ಮಾಡಿದ್ದನ್ನು ಅಳಿಯಗೊಡುವ ವಿರಕ್ತ ಕಲೆ ಎಂದು ಕೊಂಡಾಡಿದ್ದಾರೆ. ನಾನು ಮಾತನಾಡಿಸಿದ ಯಾವ ಹೆಂಗಸಿನ ಬಾಯಲ್ಲಿಯೂ ಈ ತತ್ತ್ವ ಬಂದಿಲ್ಲ. ಚೆನ್ನಾಗಿ ಬಂದ ರಂಗೋಲಿಯನ್ನು ತುಳಿದ ಮಕ್ಕಳಿಗೆ ಅವರು ಬೈಯುತ್ತಾರೆ. ಕೆಟ್ಟು ಬಂದದ್ದರ ಮೇಲೆ ಬೇಗ ನೀರು ಬಿದ್ದರೆ ಸಾಕು ಎನ್ನುತ್ತಾರೆ. ಅಂಗಳ ಇಲ್ಲಿ ಒಂದು ದೊಡ್ಡ ಸ್ಲೇಟು. ಅಳಿಯುವುದರಿಂದ ಆಗುವ ಲಾಭ ಪಾರಮಾರ್ಥಿಕವಲ್ಲ, ಲೌಕಿಕವಾದದ್ದು. ನಿನ್ನೆಯ ಗೆಲುವನ್ನು ನೆಚ್ಚಿ ಕೂರುವಂತಿಲ್ಲ, ನಿನ್ನೆಯ ಸೋಲೂ ಬೆನ್ನಿಗೆ ಅಂಟುವುದಿಲ್ಲ, ನಾಳೆ ಅದೇ ವಿನ್ಯಾಸವನ್ನು ಮೊದಲಿನಿಂದ ಹಾಕಿ ನೋಡಬಹುದು. ಸಂಪುಟಗಟ್ಟಲೆ ರೇಖಾಚಿತ್ರ ಕೂಡಿಟ್ಟ ಚಿತ್ರಕಾರರಿಗೆ ಈ ಸ್ವಾತಂತ್ರ್ಯ ಇರುವುದಿಲ್ಲ.

ಈ ಅಂಶಗಳಾವುವೂ ನನ್ನ ಪ್ರಬಂಧದಲ್ಲಿ ಇಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕ್ಷೇತ್ರಕಾರ್ಯಕ್ಕೆ ಹೋದಾಗ ನಾನು ಚೌಕಳಿ ಹಾಳೆಯ ಪುಸ್ತಕವನ್ನೂ ಪೆನ್ನನ್ನೂ ವಕ್ತೃಗಳ ಕೈಗೆ ಕೊಟ್ಟು ‘ನಿಮಗೆ ಬರುವ ರಂಗೋಲಿಗಳನ್ನೆಲ್ಲ ಇದರಲ್ಲಿ ಬರೆದುಕೊಡಿ’ ಎಂದು ಕೇಳುತ್ತಿದ್ದೆ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಎಪ್ಪತ್ತರ ಸಮೀಪದ ಒಬ್ಬ ಅಜ್ಜಿ ಪೆನ್ನು ಹಿಡಿದು ನಾಲ್ಕು ಗೆರೆ ಎಳೆದು, ಕೈ ನಡುಗಿ, ಪುಸ್ತಕವನ್ನು ನನಗೇ ಹಿಂತಿರುಗಿಸಿದರು. ‘ಕೂತ್ಕಂಡ್ರೆ ಕೈ ಬರಾಕಿಲ್ಲ ಕಣಪ್ಪ’ ಎಂದರು. ನಾನು ಅದನ್ನು ವಯಸ್ಸಿನ ಸಂಕೋಚವೆಂದು ತಿಳಿದು, ಟಿಪ್ಪಣಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ವಿನ್ಯಾಸಗಳ ನೆನಪು ಸೀಮಿತ’ ಎಂದು ಬರೆದುಕೊಂಡೆ. ಮರುದಿನ ಬೆಳಗ್ಗೆ ಬಸ್ಸಿಗೆಂದು ಹೊರಟಾಗ ಅದೇ ಅಜ್ಜಿ ಸೊಂಟದಿಂದ ಬಾಗಿ, ಎಡಗೈ ಮಂಡಿಯ ಮೇಲಿಟ್ಟು, ಹದಿನೈದು ಚುಕ್ಕಿಯ ರಂಗೋಲಿಯನ್ನು ಎಲ್ಲಿಯೂ ತಡೆಯದೆ ಎಳೆಯುತ್ತಿದ್ದರು. ಬಸ್ಸು ಬಂತು, ನಾನು ಹೋದೆ. ಟಿಪ್ಪಣಿಯನ್ನು ತಿದ್ದಲಿಲ್ಲ. ಇನ್ನೂರಕ್ಕೂ ಮಿಕ್ಕ ವಿನ್ಯಾಸಗಳ ಅನುಬಂಧವೊಂದಿಗೆ ಪ್ರಬಂಧ ಸಿದ್ಧವಾಯಿತು, ಪದವಿಯೂ ಬಂತು.

ಆ ಅಜ್ಜಿಯ ಮಾತು ಸಂಕೋಚದ ಮಾತಾಗಿರಲಿಲ್ಲ, ತಂತ್ರದ ಮಾತಾಗಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು. ರಂಗೋಲಿ ಎಳೆಯುವ ಕೈಗೆ ಮಣಿಕಟ್ಟಿನ ಆಸರೆ ಇರುವುದಿಲ್ಲ. ಗೆರೆ ಹುಟ್ಟುವುದು ಭುಜದಿಂದ. ಕಾಗದದ ಮೇಲೆ ಕುಳಿತು ಬರೆಯುವಾಗ ಮಣಿಕಟ್ಟು ಊರಿಕೊಳ್ಳುತ್ತದೆ, ಗೆರೆ ಬೆರಳುಗಳಿಂದ ಹುಟ್ಟುತ್ತದೆ. ಕಲಾಶಾಲೆಯ ಅಧ್ಯಾಪಕರು ಹೊಸ ವಿದ್ಯಾರ್ಥಿಗಳನ್ನು ಚಿತ್ರಫಲಕದ ಮುಂದೆ ನಿಲ್ಲಿಸಿ, ಭುಜದಿಂದ ಗೆರೆ ಎಳೆಯುವುದನ್ನು ಕಲಿಸಲು ತಿಂಗಳುಗಟ್ಟಲೆ ಹೆಣಗುತ್ತಾರೆ. ಅದು ಬರುವ ದೇಹವನ್ನು ನಾನು ಕುರ್ಚಿಯಲ್ಲಿ ಕೂರಿಸಿ ಪೆನ್ನು ಕೊಟ್ಟಿದ್ದೆ.

ನಮ್ಮ ಶಿಸ್ತಿನ ತಪ್ಪೂ ಇದೇ ಬಗೆಯದು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ತಮಿಳುನಾಡಿನ ಕೋಲಂ ವಿನ್ಯಾಸಗಳನ್ನು ಗಣಕ ವಿಜ್ಞಾನದ ವ್ಯಾಕರಣಗಳ ಮೂಲಕ ವಿವರಿಸಿದಾಗ, ಗಣಿತಜ್ಞರಾದ ಅವರು ವಿನ್ಯಾಸದ ನಿಯಮವನ್ನು ಹುಡುಕಿದ್ದು ಸಹಜವೇ. ಜಾನಪದ ವಿದ್ವಾಂಸರಾದ ನಾವು ಮಾಡಿದ್ದೇನು? ನಾವೂ ವಿನ್ಯಾಸವನ್ನೇ ಸಂಗ್ರಹಿಸಿದೆವು. ಕಥನದಲ್ಲಿ ಪಠ್ಯಕ್ಕಿಂತ ಪ್ರದರ್ಶನ ಮುಖ್ಯವೆಂದು ದಶಕಗಳಿಂದ ಪಾಠ ಹೇಳುತ್ತ ಬಂದಿದ್ದರೂ ರಂಗೋಲಿಯಲ್ಲಿ ಮಾತ್ರ ಪಠ್ಯಕ್ಕೇ ಅಂಟಿಕೊಂಡೆವು. ಆಶಯಗಳ ಪಟ್ಟಿ ಬೆಳೆಯಿತು: ಕಮಲ, ನವಿಲು, ತೇರು, ತೊಟ್ಟಿಲು. ಅದನ್ನು ಹಾಕುವ ಕೈ ಮೂವತ್ತನೆಯ ವಯಸ್ಸಿನಲ್ಲಿ ಹೇಗಿತ್ತು, ಐವತ್ತರಲ್ಲಿ ಹೇಗಾಯಿತು ಎಂದು ಯಾರೂ ಕೇಳಲಿಲ್ಲ.

ಇಷ್ಟು ಹೇಳಿದ ಮೇಲೆ ಗಾದೆಯ ಎರಡನೆಯ ಅರ್ಧಕ್ಕೆ ಬರಬೇಕು. 15,000 ರಂಗೋಲಿ ಹಾಕಿದವರೆಲ್ಲ ಚಿತ್ರಕಾರರಾಗುವುದಿಲ್ಲ. ಒಳ್ಳೆಯ ರಂಗೋಲಿಕಾರರೂ ಆಗುವುದಿಲ್ಲ. ಮದುವೆಯಾಗಿ ಬಂದ ವರ್ಷ ಕಲಿತ ನಾಲ್ಕೇ ವಿನ್ಯಾಸಗಳನ್ನು, ಅವುಗಳಲ್ಲಿನ ಅದೇ ಓರೆಕೋರೆಗಳೊಂದಿಗೆ, ನಲವತ್ತು ವರ್ಷ ಹಾಕಿದ ಅಂಗಳಗಳನ್ನೂ ನಾನು ಕಂಡಿದ್ದೇನೆ. ಅವರನ್ನು ದೂರುವಂತಿಲ್ಲ. ನಿತ್ಯದ ಗೆರೆ ಅವರು ಆರಿಸಿಕೊಂಡ ಸಾಧನೆಯಲ್ಲ, ಹೊರಿಸಲಾದ ಕೆಲಸ. ಒಲೆ ಹೊತ್ತಿಸುವ ಮೊದಲು ಮುಗಿಯಬೇಕು, ಮುಗಿದರೆ ಸಾಕು. ಮನೆಯ ಮುಂದೆ ರಂಗೋಲಿ ಇಲ್ಲವೆಂದರೆ ಆ ಮನೆಯಲ್ಲಿ ಸಾವೋ ಶ್ರಾದ್ಧವೋ ಇರಬೇಕೆಂದು ಬೀದಿ ಓದಿಕೊಳ್ಳುವ ಸಮಾಜದಲ್ಲಿ ಅದನ್ನು ಬಿಡುವ ಸ್ವಾತಂತ್ರ್ಯವೂ ಇರಲಿಲ್ಲ. ಅಂಗಳವೇ ಇಲ್ಲದ ಮನೆಗಳ ಮಾತು ಬೇರೆ. ನಿತ್ಯದ ಕಲೆಯನ್ನು ಹೊಗಳುವ ಉತ್ಸಾಹದಲ್ಲಿ ಈ ದುಡಿಮೆಯನ್ನು ಮರೆಯುವುದು ಸಲ್ಲದು.

ಎರಡನೆಯ ಮಿತಿ ಇನ್ನೂ ಮೂಲಭೂತವಾದದ್ದು. ರಂಗೋಲಿ ಕೈಯನ್ನು ಪಳಗಿಸುತ್ತದೆ, ಲೆಕ್ಕವನ್ನು ಪಳಗಿಸುತ್ತದೆ. ಲೋಕವನ್ನು ನೋಡುವಂತೆ ಮಾಡುವುದಿಲ್ಲ. ಅಂಗಳದ ನವಿಲು ಎದುರಿನ ಮರದ ಮೇಲಿನ ನವಿಲನ್ನು ನೋಡಿ ಬರೆದದ್ದಲ್ಲ, ಚುಕ್ಕಿಗಳು ಹೇಳಿದಂತೆ ಬರೆದದ್ದು. ಚಿತ್ರಕಾರರಿಗೆ ಕೈಯ ಅಭ್ಯಾಸದ ಜೊತೆಗೆ ಕಣ್ಣಿನ ಅಭ್ಯಾಸವೂ ಬೇಕು; ಎರಡೂ ಒಂದೇ ಗೆರೆಯಲ್ಲಿ ಕೂಡಬೇಕು.

ಇವೆರಡೂ ಕೂಡಿದ ಒಂದು ಸ್ಥಳ ನಮ್ಮ ದೇಶದ ಆಧುನಿಕ ಕಲೆಯ ಇತಿಹಾಸದಲ್ಲಿದೆ. ಅವನೀಂದ್ರನಾಥ ಠಾಕೂರರು ಬಂಗಾಳದ ವ್ರತಗಳನ್ನೂ ಅವುಗಳ ನೆಲದ ಚಿತ್ರವಾದ ಆಲ್ಪನಾವನ್ನೂ ಕುರಿತು ಬರೆದ ‘ಬಾಂಗ್ಲಾರ ಬ್ರತ’ 1919ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಶಾಂತಿನಿಕೇತನದಲ್ಲಿ ಕಲಾಭವನ ಹುಟ್ಟಿತು, ಅವನೀಂದ್ರರ ಶಿಷ್ಯ ನಂದಲಾಲ ಬಸು ಅದರ ಮುಖ್ಯಸ್ಥರಾದರು. ಅಲ್ಲಿ ಆಲ್ಪನಾ ಪಾಠದ ಭಾಗವಾಯಿತು. ಬಲ್ಲ ಹೆಂಗಸರು ಅಲ್ಲಿ ಗುರುಗಳಾದರು. ನಂದಲಾಲರ ಮಗಳು ಗೌರಿ ಭಂಜ ಅದರಲ್ಲಿ ಹೆಸರು ಮಾಡಿದರು. ನಂದಲಾಲರು ತಾವು ಖಾಲಿ ಕಾರ್ಡುಗಳನ್ನು ಜೊತೆಗಿಟ್ಟುಕೊಂಡು ಕಂಡದ್ದನ್ನು ಕಂಡಲ್ಲಿ ಬರೆಯುತ್ತಿದ್ದರು: ಆಡು, ತಾಳೆಮರ, ಸಂತಾಲರ ಹೆಂಗಸು, ಮಳೆ. ಬರೆದದ್ದನ್ನು ಶಿಷ್ಯರಿಗೂ ಮಿತ್ರರಿಗೂ ಅಂಚೆಯಲ್ಲಿ ಕಳಿಸಿಬಿಡುತ್ತಿದ್ದರು. ಕೂಡಿಡದೆ ಕಳಿಸಿಬಿಡುವ ಈ ಅಭ್ಯಾಸದಲ್ಲಿ ನನಗೆ ಅಂಗಳದ ನೆರಳು ಕಾಣುತ್ತದೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಅವರು ಹಳ್ಳಿಯ ಕಸುಬುಗಳ ಫಲಕಗಳನ್ನು ರಚಿಸಿದಾಗ ಆ ದಪ್ಪ, ತಡೆಯಿಲ್ಲದ ಕುಂಚದ ಗೆರೆ ಒಮ್ಮೆಲೆ ಉದಿಸಿದ್ದಲ್ಲ. ಅದರ ಹಿಂದೆ ವರ್ಷಗಳ ಕಾರ್ಡುಗಳಿದ್ದವು.

ಕನ್ನಡ ನಾಡಿನ ಇಬ್ಬರನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. ಮೊದಲನೆಯವರು ಕೆ. ವೆಂಕಟಪ್ಪ (1886–1965). ಮೈಸೂರಿನ ಚಿತ್ರಗಾರ ಮನೆತನದವರು. ಕಲ್ಕತ್ತೆಯಲ್ಲಿ ಅವನೀಂದ್ರರ ಬಳಿ ನಂದಲಾಲರ ಜೊತೆಯಲ್ಲೇ ಕಲಿತವರು. ಅವರ ಶಿಸ್ತು ಪ್ರಸಿದ್ಧವಾದದ್ದು. ದಿನಚರಿ ಬರೆಯುತ್ತಿದ್ದರು, ಮದುವೆಯಾಗಲಿಲ್ಲ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು ಚಿತ್ರವನ್ನು ಬದಿಗಿಡುವಷ್ಟು ಅದರಲ್ಲಿ ಮುಳುಗಿದರು. ಇವರ ನಿಷ್ಠೆಯ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೊಂದಿದೆ. ವೆಂಕಟಪ್ಪನವರ ಸಾಧನೆ ಪೂರ್ಣಗೊಂಡ ಕೃತಿಯ ನಯದ ಕಡೆಗೆ ತಿರುಗಿದ ಸಾಧನೆ. ಅವರ ಊಟಿಯ ಜಲವರ್ಣಗಳಲ್ಲಿ ಮಂಜು, ಬೆಳಕು, ಎಲೆ ಎಲ್ಲವೂ ಪರಿಷ್ಕಾರಗೊಂಡು ಬಂದಿವೆ; ಕೈ ಎಡವಿದ ಜಾಗ ಒಂದೂ ಸಿಗುವುದಿಲ್ಲ. ಅವರು ಅಭ್ಯಾಸ ಮಾಡಿದ್ದು ತಪ್ಪದಿರುವುದನ್ನು. ನಿತ್ಯದ ಗೆರೆ ಕಲಿಸುವುದು ತಪ್ಪನ್ನು ನೋಡುವುದನ್ನು. ಈ ಎರಡರ ನಡುವಿನ ಅಂತರ ಅವರ ಕೃತಿಗಳ ಸಂಖ್ಯೆ ಕಡಿಮೆ ಇರುವುದಕ್ಕೆ ಒಂದು ಕಾರಣವಾಗಿರಬಹುದೆಂದು ನನ್ನ ಅನಿಸಿಕೆ.

ಎರಡನೆಯವರು ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರ್. ರೇಖೆ ಅವರಿಗೆ ಬಣ್ಣದ ಚಿತ್ರಕ್ಕೆ ಏರುವ ಮೆಟ್ಟಿಲಾಗಿರಲಿಲ್ಲ. ಜೀವನದುದ್ದಕ್ಕೂ ಸಮಾನಾಂತರವಾಗಿ ನಡೆದ ಇನ್ನೊಂದು ಕಲೆಯೇ ಆಗಿತ್ತು. ಹಾಡುವ ರೇಖೆ ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯಲ್ಲಿ ಅವರ ರೇಖಾಚಿತ್ರಗಳ ಸಂಪುಟವೊಂದು ಬಂದಿದೆ. ಇಲ್ಲಿ ಮುಖ್ಯವಾದದ್ದು ಅವರು ಲಯವನ್ನು ಒಳಗಿನಿಂದ ತಿಳಿಯಲೆಂದು ಕಥಕ್ ನೃತ್ಯವನ್ನು ಕಲಿತ ಸಂಗತಿ. ನೃತ್ಯವನ್ನು ಅರಿಯದೆ ಚಿತ್ರಸೂತ್ರವನ್ನು ಅರಿಯಲಾಗದು ಎಂದು ಮಾರ್ಕಂಡೇಯನು ವಜ್ರನಿಗೆ ಹೇಳುವ ಪ್ರಸಂಗವನ್ನು ನಾವು ಉಪನ್ಯಾಸಗಳಲ್ಲಿ ಶ್ಲೋಕವಾಗಿ ಹೇಳುತ್ತೇವೆ. ಹೆಬ್ಬಾರರು ಗೆಜ್ಜೆ ಕಟ್ಟಿ ಪರೀಕ್ಷಿಸಿದರು. ದೇಹದಿಂದ ಗೆರೆ ಹುಟ್ಟಬೇಕೆಂಬ ಅರಿವು, ಮಂಡ್ಯದ ಅಜ್ಜಿ ನನಗೆ ಹೇಳಿದ್ದು, ಅವರಿಗೆ ಈ ದಾರಿಯಲ್ಲಿ ಸಿಕ್ಕಿತು. ದನ, ದೋಣಿ, ಹೊರೆ ಹೊತ್ತವರು, ಕುಣಿಯುವವರು, ಹೀಗೆ ಕಂಡದ್ದೆಲ್ಲ ಕೆಲವೇ ಎಳೆಗಳಲ್ಲಿ ಬಂದವು. ಆದರೆ ಅವರಲ್ಲಿಯೂ ಗಾದೆಯ ಎರಡನೆಯ ಅರ್ಧ ಒಮ್ಮೊಮ್ಮೆ ಇಣುಕುತ್ತದೆ. ಕೆಲವು ನರ್ತಕಿಯರ ಚಿತ್ರಗಳಲ್ಲಿ ಗೆರೆ ಎದುರಿನ ದೇಹವನ್ನು ಮರೆತು ತನ್ನ ಇಂಪಿಗೆ ತಾನೇ ಮರುಳಾಗಿದೆ. ಬಾಗುವ ಅಭ್ಯಾಸವಾದ ಗೆರೆ, ಬಾಗಬೇಕಿಲ್ಲದ ಕಡೆಯಲ್ಲಿಯೂ ಬಾಗಿದೆ.

ನಿತ್ಯಾಭ್ಯಾಸದ ವಾದಕ್ಕೆ ನಮ್ಮಲ್ಲಿಯೇ ಒಂದು ಗಟ್ಟಿ ಆಕ್ಷೇಪವೂ ಇದೆ. ಸಾಗರ, ಸೊರಬ ಸೀಮೆಯ ದೀವರ ಹಸೆ ಚಿತ್ತಾರ ದಿನವೂ ಬರೆಯುವಂಥದ್ದಲ್ಲ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಹೀಗೆ ಸಂದರ್ಭ ಬಂದಾಗ ಮಾತ್ರ ಪುಂಡಿನಾರಿನ ಕುಂಚ ಹೊರಬರುತ್ತದೆ. ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೆಮ್ಮಣ್ಣಿನ ನೆಲ ಸಿದ್ಧವಾಗುತ್ತವೆ. ಆದರೂ ಒಂದರ ಪಕ್ಕ ಒಂದು ಓಡುವ ಆ ಸಣ್ಣ ಎಳೆಗಳ ಖಚಿತತೆ ಯಾವ ನಿತ್ಯಾಭ್ಯಾಸಿಯನ್ನೂ ನಾಚಿಸುವಂಥದ್ದು. ಇದಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಕಂಡಷ್ಟನ್ನು ಹೇಳಬಹುದು. ಹಸೆ ಒಬ್ಬರ ಕೈಯ ಕೆಲಸವಲ್ಲ. ಬಲ್ಲ ಹಿರಿಯಳು ಚೌಕಟ್ಟು ಎಳೆಯುತ್ತಾಳೆ, ಉಳಿದವರು ತುಂಬುತ್ತಾರೆ, ಹುಡುಗಿಯರು ಅಂಚಿನಲ್ಲಿ ಕೈಯಾಡಿಸುತ್ತಾರೆ. ತಪ್ಪಿದ್ದು ಅಲ್ಲಿಯೇ ನಗೆಗೆ ಗುರಿಯಾಗುತ್ತದೆ. ಒಬ್ಬಳು ವರ್ಷವಿಡೀ ಮಾಡುವ ಅಭ್ಯಾಸ ಇಲ್ಲಿ ಹಲವರ ನಡುವೆ ಹಂಚಿಹೋಗಿದೆ. ಮಮ್ಮಟ ಹೇಳಿದ ‘ಬಲ್ಲವರು’ ಅಲ್ಲಿ ಗೋಡೆಯ ಮುಂದೆಯೇ ಕುಳಿತಿರುತ್ತಾರೆ. ದಿನಗಳ ಸಂಖ್ಯೆಗಿಂತ ತಿದ್ದುವ ಕಣ್ಣೇ ಹೆಚ್ಚಿನದು ಎಂಬ ನನ್ನ ವಾದಕ್ಕೆ ಈ ಆಕ್ಷೇಪ ಒಂದರ್ಥದಲ್ಲಿ ಬೆಂಬಲವೇ ಆಗುತ್ತದೆ.

ಈ ಕಣ್ಣು ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಒಂದು ಕಲಾಶಾಲೆಯಲ್ಲಿ ಬಾಹ್ಯ ಪರೀಕ್ಷಕನಾಗಿ ಕುಳಿತಾಗ ವಿದ್ಯಾರ್ಥಿಗಳು ವರ್ಷದ ನಿತ್ಯ ರೇಖಾಚಿತ್ರಗಳೆಂದು ದಪ್ಪ ದಪ್ಪ ಪುಸ್ತಕಗಳನ್ನು ಮುಂದಿಟ್ಟರು. ಜೂನ್ ತಿಂಗಳ ಹಾಳೆಗೂ ಮಾರ್ಚ್ ತಿಂಗಳ ಹಾಳೆಗೂ ಒಂದೇ ಪೆನ್ನು, ಒಂದೇ ಅವಸರ, ಒಂದೇ ಬಗೆಯ ಕೈಬೆರಳಿನ ತಪ್ಪು. ಕೊನೆಯ ವಾರದಲ್ಲಿ ತುಂಬಿಸಿದ್ದೆಂದು ಬೇರೆ ಹೇಳಬೇಕಿರಲಿಲ್ಲ. ಅದಕ್ಕಿಂತ ಬೇಸರ ತಂದದ್ದು ಬೇರೆ. ವರ್ಷವಿಡೀ ನಿಜವಾಗಿಯೂ ಬರೆದಿದ್ದ ಒಬ್ಬ ಹುಡುಗನ ಪುಸ್ತಕವೂ ಅಲ್ಲಿತ್ತು, ಅದನ್ನು ಅ ದಿನದವರೆಗೆ ಯಾರೂ ತೆರೆದು ನೋಡಿರಲಿಲ್ಲ. ಹಸೆ ಚಿತ್ತಾರದ ತರಬೇತಿ ಶಿಬಿರಗಳ ಕಥೆಯೂ ಇದಕ್ಕೆ ದೂರವಲ್ಲ. ಹತ್ತು ದಿನ ಕಲಿಸಿ, ಪ್ರಮಾಣಪತ್ರ ಕೊಟ್ಟು, ಹನ್ನೊಂದನೆಯ ದಿನದ ಗತಿ ಏನೆಂದು ಕೇಳದಿರುವುದು ನಮ್ಮೆಲ್ಲರ ರೂಢಿಯಾಗಿದೆ. ಅತ್ತ ಅಂಗಳಗಳಲ್ಲಿ ತೂತಿನ ಅಚ್ಚು ಬಂದಿದೆ, ಹೊಸ್ತಿಲಿಗೆ ಪ್ಲಾಸ್ಟಿಕ್ ಅಂಟುಚಿತ್ರ ಬಂದಿದೆ. ಅವುಗಳನ್ನು ಕೊಂಡವರನ್ನು ಹಳಿಯುವ ಪದ್ಧತಿ ನಮ್ಮ ವಿಚಾರಸಂಕಿರಣಗಳಲ್ಲಿದೆ. ಬೆಳಗಿನ ಬಸ್ಸಿಗೆ ಓಡುವ ಹೆಂಗಸಿಗೆ ಅದರಿಂದ ಅರ್ಧ ಗಂಟೆ ಉಳಿದಿದ್ದರೆ ನಾನು ಹಳಿಯಲಾರೆ. ದಾಖಲಿಸಬೇಕಾದದ್ದನ್ನು ದಾಖಲಿಸುವ ಮೊದಲೇ ಅದು ಹೊರಟುಹೋಗುತ್ತಿರುವುದಷ್ಟೇ ನನ್ನ ಚಿಂತೆ.

ಹಾಗಾದರೆ ದಾಖಲಿಸಬೇಕಾದದ್ದು ಯಾವುದು? ನೂರು ಮನೆಗಳ ನೂರು ರಂಗೋಲಿಗಳಲ್ಲ. ಒಂದೇ ಮನೆಯ, ಒಂದೇ ಕೈಯ ಒಂದು ತಿಂಗಳು. ಈಚಿನ ಒಂದು ಧನುರ್ಮಾಸದಲ್ಲಿ, ಅಜ್ಜಿಯ ಆ ಹಳ್ಳಿಯಲ್ಲಿಯೇ, ಇಂಥದೊಂದು ಪ್ರಯತ್ನವನ್ನು ಮಾಡಿದೆ. ಅಜ್ಜಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಸೊಸೆ, ಈಗ ಅರವತ್ತು ದಾಟಿದವರು, ಅದೇ ಅಂಗಳದಲ್ಲಿ ಹೂ ಸಿಕ್ಕಿಸಿದ ಸಗಣಿಯ ಬೆನಕನ ಸುತ್ತ ದಿನವೂ ರಂಗೋಲಿ ಹಾಕುತ್ತಿದ್ದರು. ನಾನು ದಿನವೂ ಒಂದೇ ಜಾಗದಲ್ಲಿ ನಿಂತು, ಮುಗಿದ ಕೂಡಲೆ ಒಂದು ಛಾಯಾಚಿತ್ರ ತೆಗೆದುಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಅವುಗಳನ್ನೆಲ್ಲ ಮುದ್ರಿಸಿ, ಅವರ ಜಗಲಿಯ ಮೇಲೆ ಸಾಲಾಗಿ ಹರಡಿದೆ. ನನ್ನ ಕಣ್ಣಿಗೆ ಎಲ್ಲವೂ ಚೆನ್ನಾಗಿದ್ದವು. ಯಾವುದು ಹೆಚ್ಚು ಸಂಕೀರ್ಣ, ಯಾವ ಆಶಯ ಮರುಕಳಿಸಿದೆ ಎಂದು ಗುರುತು ಹಾಕಿಕೊಳ್ಳಲು ಪುಸ್ತಕ ತೆಗೆದೆ.

ಅವರು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಆರನೆಯದೋ ಏಳನೆಯದೋ ಬೆಳಗಿನ ಚಿತ್ರದ ಮೇಲೆ ಬೆರಳಿಟ್ಟು, ‘ಇಲ್ಲಿ ನೋಡಪ್ಪ, ಎಡಗಡೆ ಸಾಲು ಒಂಚೂರು ಕೆಳಕ್ಕೆ ಜಗ್ಗದೆ’ ಎಂದರು. ನನಗೆ ಕಾಣಲಿಲ್ಲ. ಹಾಳೆಯನ್ನು ಓರೆ ಮಾಡಿ ಹಿಡಿದು ತೋರಿಸಿದರು, ಆಗ ಕಂಡಿತು. ‘ಅವತ್ತೇ ಗೊತ್ತಾಗಿತ್ತು. ನಮ್ಮತ್ತೆ ಇದ್ದಿದ್ರೆ ಅಳ್ಸು ಅಂತಿದ್ರು’ ಎಂದು, ಪಕ್ಕದ ಚಿತ್ರಕ್ಕೆ, ಮರುದಿನ ಬೆಳಗಿನದಕ್ಕೆ, ಬೆರಳನ್ನು ಸರಿಸಿದರು. ವಿನ್ಯಾಸ ಬೇರೆಯಾಗಿತ್ತು. ಎಡಗಡೆಯ ಸಾಲು ನೆಟ್ಟಗಿತ್ತು.